ಸಮಾಧಾನದಿಂದ ಸ್ವೀಕರಿಸುತ್ತೇವೆ

ಜನವರಿ 14, ಭಾನುವಾರ

ಬೂದಿ ತೆಗೆದದ್ದಾಯಿತು, ಒಲೆಗೆ ಕಲ್ಲಿದ್ದಲು ತುಂಬಿದ್ದಾಯಿತು, ಅಮ್ಮನ ಹಾಸಿಗೆ ಬಟ್ಟೆ ಬದಲಿಸಿದ್ದಾಯಿತು. ಆರಾಧನೆಗೆ ತಡ. ಹಿಂದಿನ ಬೆಂಚಿನಲ್ಲಿ ಕೂತೆ. ಕಜಾಕಿಸ್ತಾನದಲ್ಲಿ ಎಲ್ಲ ಕಡೆ ಇಳಿದರೂ ಕರಗಂಡಾದ ಚಳಿ ಈ ಸಲ ಬಿಡುವ ಹಾಗೆ ಕಾಣುತ್ತಿಲ್ಲ.

ಜರ್ಮನಿಯಿಂದ ಪೆಟ್ಟಿಗೆ ಬಂದಿದೆ. ಇಲ್ಲಿಂದ ಎದ್ದು ಹೋದ ನಮ್ಮ ಜರ್ಮನ್ ಮೂಲದ ಸಭೆಯವರೇ ಕಳಿಸಿದ್ದು. ಒಳಗೆ ಕಣ್ಣಿಗೆ ಕಟ್ಟುವ ಮೂರು ಹೆಡ್‌ಸೆಟ್. ಗಾಡಿ ಕುದುರೆಗೆ ಕಟ್ಟುವ ಕಣ್ಣುಪಟ್ಟಿ ನೋಡಿದ ಹಾಗಾಯಿತು ನನಗೆ. ಸಭೆಯ ಹಿರಿಯ ಕೊರ್ನೆಲಿ ಸಹೋದರರು ಒಂದನ್ನು ಎತ್ತಿ ತೋರಿಸಿದರು. ಹಾಸಿಗೆ ಹಿಡಿದವರು, ಗಣಿ ಊರುಗಳಲ್ಲಿ ಒಂಟಿಯಾಗಿರುವವರು, ಇದನ್ನು ಕಟ್ಟಿಕೊಂಡರೆ ನಮ್ಮ ಹಳೆಯ ಪ್ರಾರ್ಥನಾಮಂದಿರದ ಒಳಗೇ ಕೂತಿರುತ್ತಾರಂತೆ. ಆ ಮಂದಿರ ಈಗೆಲ್ಲಿದೆ? ರಸ್ತೆ ಅಗಲ ಮಾಡುವಾಗ ಕೆಡವಿದರು. ಆ ಜಾಗದಲ್ಲಿ ಟೈರ್ ಅಂಗಡಿ. ಆದರೆ ಹಳೆಯ ಫೋಟೋ ನೋಡಿ, ನೆನಪಿದ್ದವರನ್ನು ಕೇಳಿ, ಒಬ್ಬ ಹುಡುಗ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದ್ದಾನೆ. ಯಾರ ಮನೆ ಹುಡುಗ? ಜರ್ಮನಿಯಲ್ಲಿರುವ ನನ್ನ ಅಕ್ಕ ಗಾಟಾಳ ಮೊಮ್ಮಗ. ಇನ್ಯಾರು.

ಮಧ್ಯಾಹ್ನ ಕೊರ್ನೆಲಿ ಒಂದನ್ನು ಮನೆಗೇ ತಂದರು. ಅಮ್ಮನ ಕಣ್ಣಿಗೆ ಕಟ್ಟಿದರು. ಎರಡು ಕೈಗೂ ಒಂದೊಂದು ಹಿಡಿ ಕೊಟ್ಟರು; ಇಲ್ಲಿ ಕೈ ಆಡಿಸಿದ ಹಾಗೆ ಒಳಗಿನ ಕೈಯೂ ಆಡುತ್ತದಂತೆ. ನನಗೆ ಪಾಠ —

“ಹೊರಗೆ ಬರೋಕೆ ಹಿಡಿಯಲ್ಲಿರೋ ಈ ಗುಂಡಿ ಒತ್ತಬೇಕು, ಟೀನಾ ಸಹೋದರಿ. ಸೀದಾ ಕಿತ್ತು ತೆಗೀಬಾರ್ದು.”

“ಅಮ್ಮನ ಕೈ ಎದೆಗಿಂತ ಮೇಲಕ್ಕೆ ಏಳೋದೇ ಇಲ್ಲ. ಇನ್ನು ಕೀಳೋದು ಎಲ್ಲಿಂದ ಬಂತು?”

“ನಿಮಗೆ ಹೇಳಿದ್ದು.”

ಅಮ್ಮ ಈ ಕೋಣೆ ಬಿಟ್ಟು ಆಚೆ ಬಂದು ನಾಲ್ಕು ಚಳಿಗಾಲವಾಯಿತು. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ, “ಒಲೆ ಚೆನ್ನಾಗಿ ಉರೀತಿದೆ. ಯಾರು ಹಚ್ಚಿದ್ದು?” ಎಂದಳು.

ಅವಳಿಗೆ ತಾಗುತ್ತಿದ್ದದ್ದು ನಮ್ಮ ಮನೆಯ ಒಲೆಯ ಶಾಖ. ಹಚ್ಚಿದ್ದು ನಾನು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳ ಮುಖ ಅರಳಿತು.

“ಗಾಟಾ,” ಎಂದಳು. “ಬಂದ್ಯಾ ನೀನು.”

ಒಂದು ಗಂಟೆ ಮಾತಾಡಿದರು. ಅವರ ಮಾತು ನನಗೇಕೆ ಎಂದು ನಾನು ಅಡುಗೆಮನೆಗೆ ಹೋಗಿ ಆಲೂಗಡ್ಡೆ ಸುಲಿದೆ.

ಜನವರಿ 16, ಮಂಗಳವಾರ

ಈಗ ಇದೇ ದಿನಚರಿ. ಮಧ್ಯಾಹ್ನ ಮೂರಾದರೆ ಕಣ್ಣುಪಟ್ಟಿ ಟಣ್ ಎನ್ನುತ್ತದೆ. ಅಲ್ಲಿಂದ ಗಾಟಾ ತನ್ನದನ್ನು ಕಟ್ಟಿಕೊಂಡು ಮಂದಿರಕ್ಕೆ ಬಂದಳು ಎಂದು ಅರ್ಥ. ಅದಕ್ಕೆ ಮೊದಲು ಅಮ್ಮನಿಗೆ ಒಳ್ಳೆಯ ತಲೆವಸ್ತ್ರ ಆಗಬೇಕು. ಇಸ್ತ್ರಿ ಮಾಡಿದ್ದೇ ಆಗಬೇಕು.

“ಅಲ್ಲಿ ಯಾರಿಗೂ ಇದು ಕಾಣಲ್ಲಮ್ಮ. ಅಲ್ಲಿ ನಿನ್ನ ಬದ್ಲು ಬೇರೆ ಗೊಂಬೆ ಇರುತ್ತೆ.”

“ಗಾಟಾಗೆ ಕಾಣುತ್ತೆ.”

ಇಸ್ತ್ರಿ ಮಾಡಿದೆ. ಮಾಡದೆ ಏನು.

ಗಾಟಾಳ ಗೊಂಬೆಯನ್ನು ಅವಳ ಮೂವತ್ತರ ವಯಸ್ಸಿನ ಫೋಟೋ ನೋಡಿ ಮಾಡಿದ್ದಾನಂತೆ ಮೊಮ್ಮಗ. ಈಗ ಅವಳಿಗೆ ಅರವತ್ತೆಂಟು. ಎರಡೂ ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್. ವಿಮಾನ ಹತ್ತುವ ಹಾಗಿಲ್ಲ. ಪಾಪ ಅನ್ನಬೇಕು. ಅನ್ನುತ್ತೇನೆ. ಆದರೆ ಅಮ್ಮನ ಮುಂದೆ ಅವಳು ಮೂವತ್ತರವಳು, ನಾನು ದಿನಾ ಬಕೆಟ್ ಎತ್ತುವ ಅರವತ್ತೊಂದರವಳು.

ಜನವರಿ 21, ಭಾನುವಾರ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಆರಾಧನೆಯ ಕೊನೆಗೆ ಎಂದಿನಂತೆ ವಂದನೆ ಹೇಳುವ ಸಮಯ. ಬೇರೆ ಸಭೆಯಿಂದ ಬಂದವರು ಎದ್ದು ನಿಂತು ತಮ್ಮವರ ವಂದನೆ ತಲುಪಿಸುವುದು, ನಾವೆಲ್ಲ ಒಟ್ಟಿಗೆ “ಸಮಾಧಾನದಿಂದ ಸ್ವೀಕರಿಸುತ್ತೇವೆ” ಅನ್ನುವುದು. ಹುಟ್ಟಿದಂದಿನಿಂದ ಅಂದದ್ದು. ನಿದ್ದೆಯಲ್ಲೂ ಬಾಯಿಗೆ ಬರುತ್ತದೆ.

ಇವತ್ತು ಕೊರ್ನೆಲಿ ಎದ್ದರು. ಗಾಟಾಳನ್ನು ಅಲ್ಲಿನ ಸಭೆಯವರು ಮಿಷನರಿಯಾಗಿ ನೇಮಿಸಿದ್ದಾರಂತೆ. ಮೊಣಕಾಲೂರಿಸಿ, ಹಿರಿಯರು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದಾರಂತೆ. ಎಲ್ಲಿಗೆ ಮಿಷನರಿ? ನಮಗೆ. ಕರಗಂಡಾಕ್ಕೆ. “ನಮ್ಮ ಮಿಷನರಿ ಸಹೋದರಿ ಅಗಾಟೆಯ ವಂದನೆಗಳು,” ಎಂದರು, ಗಾಟಾಳ ಪೂರ್ತಿ ಹೆಸರು ಹಿಡಿದು.

ಎಲ್ಲರೂ ಸಮಾಧಾನದಿಂದ ಸ್ವೀಕರಿಸಿದರು. ನಾನು ಬಾಯಿ ಬಿಡಲಿಲ್ಲ. ಸಮಾಧಾನ ಇದ್ದರಲ್ಲವೆ ಸ್ವೀಕರಿಸುವುದು.

ಸೋಫಾ ಮೇಲೆ ಕೂತು, ಉಣ್ಣೆಯ ಚಪ್ಪಲಿ ಹಾಕಿಕೊಂಡು ಮಿಷನರಿ. ನಾನು ಬಸ್ಸಿನಲ್ಲಿ, ಕಾಲು ಮರಗಟ್ಟಿಸಿಕೊಂಡು, ಒಂದರ ಮೇಲೊಂದು ಕೂರಿಸಿ ಸುಟ್ಟ ಜೋಡಿ ಬನ್ನು ಚೀಲದಲ್ಲಿ ಹೊತ್ತು ಗಣಿ ಊರಿನ ಮನೆಮನೆಗೆ ಹೋದದ್ದಕ್ಕೆ ಹೆಸರಿಲ್ಲ. ನಾನು ಟೀನಾ. ಬರೀ ಟೀನಾ.

ಜನವರಿ 25, ಗುರುವಾರ

ಗಾಟಾ ಫೋನ್ ಮಾಡಿದ್ದಳು. ನನಗೇ, ಅಪರೂಪಕ್ಕೆ.

“ನೀನೂ ಬಾರೇ ಒಂದಿನ. ನಮ್ಮ ಜಾಗ ಹಾಗೇ ಇದೆ. ಒಲೆ ಪಕ್ಕದ ಬೆಂಚು.”

“ನನಗೆ ಕೆಲ್ಸ ಇದೆ.”

“ಕೆಲ್ಸ ಯಾರಿಗಿಲ್ಲ ಹೇಳು.”

“ಕೂತಲ್ಲೇ ಮಿಷನರಿ ಆದೋರಿಗಿಲ್ಲ.”

ಆಮೇಲೆ ಸಣ್ಣ ದನಿಯಲ್ಲಿ, “ಟೀನಾ, ಅಮ್ಮನಿಗೆ ನೀನು ಹೇಳಿದ್ರೆ ಕೇಳ್ತಾಳೆ. ನನ್ನ ತಲೆ ಮೇಲೆ ಕೈ ಇಡು ಅಂತ ಒಂದು ಮಾತು ಹೇಳು,” ಎಂದಳು.

ಅದು ಹಳೆಯ ಗಾಯ. ನಮ್ಮಲ್ಲಿ ದೂರ ಹೊರಟವರ ತಲೆ ಮೇಲೆ ಹೆತ್ತವರು ಎರಡೂ ಕೈಯಿಟ್ಟು ಆಶೀರ್ವದಿಸಿ ಕಳಿಸುತ್ತಾರೆ. ಗಾಟಾ ಜರ್ಮನಿಗೆ ಹೊರಟ ದಿನ ಅಮ್ಮ ಇಡಲಿಲ್ಲ. ಅಪ್ಪನ ಸಮಾಧಿ ಬಿಟ್ಟು ಹೋಗುವವಳಿಗೆ ನನ್ನ ಕೈ ಇಲ್ಲ ಎಂದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಾಟಾ ಬಾಗಿಲ ಹೊರಗೆ ಮೊಣಕಾಲೂರಿ ಕಾದಳು. ಆಮೇಲೆ ಗಾಡಿಗೆ ಹೊತ್ತಾಯಿತು.

“ನೀನೇ ಕೇಳ್ಬೋದಲ್ಲ, ದಿನಾ ಸಿಗ್ತೀಯ,” ಎಂದೆ.

“ಕೇಳ್ದೆ.”

“ಏನಂದ್ಲು?”

“ಕೈ ಏಳಲ್ಲ ಅಂದ್ಲು. ಎದ್ರೂ ಗಾಳಿ ಮೇಲೆ ಇಡಲ್ಲ, ಮನೆಗೆ ಬಾ ಅಂದ್ಲು.”

ಹೇಳುತ್ತೇನೆ ಅಂದೆ. ಹೇಳಲಿಲ್ಲ. ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ — ಅಮ್ಮ ಹಾಗೆ ಅಂದಳು ಎಂದು ಕೇಳಿ ಖುಷಿಯಾಯಿತು. ರಾತ್ರಿ ಎರಡು ತುತ್ತು ಹೆಚ್ಚೇ ತಿಂದೆ.

ನನ್ನ ತಲೆ ಮೇಲೂ ಅಮ್ಮ ಕೈಯಿಟ್ಟಿಲ್ಲ. ನಾನು ಎಲ್ಲಿಗೂ ಹೊರಡಲೇ ಇಲ್ಲವಲ್ಲ.

ಫೆಬ್ರವರಿ 4, ಭಾನುವಾರ

ಗೋಶಾ. ಗಣಿಯಲ್ಲಿ ಕಾಲು ಕಳೆದುಕೊಂಡವನು. ಹೋದಾಗಲೆಲ್ಲ ಬನ್ನು ಇಟ್ಟುಕೊಂಡು ನನ್ನನ್ನು ಓಡಿಸುತ್ತಿದ್ದ. “ನಿನ್ನ ದೇವ್ರಿಗೆ ಹೇಳು, ಮೊದ್ಲು ಕಾಲು ಕೊಡ್ಲಿ, ಆಮೇಲೆ ಮೊಣಕಾಲೂರ್ತೀನಿ,” ಅನ್ನುತ್ತಿದ್ದ. ಎಷ್ಟು ಚಳಿಗಾಲ ಕೇಳಿದ್ದೇನೆ ಆ ಮಾತು.

ಕೊರ್ನೆಲಿ ಎರಡನೇ ಕಣ್ಣುಪಟ್ಟಿ ಅವನಿಗೆ ಕೊಟ್ಟಿದ್ದರು. ಅಲ್ಲಿ ಅವನಿಗೆ ಎರಡು ಕಾಲು. ಬಾಗಿಲಿಂದ ನಡೆದು ಬಂದನಂತೆ. ಗಾಟಾ ಎದುರು ಹೋಗಿ ಕರೆದು ಕೂರಿಸಿದಳಂತೆ. ಮೂರನೇ ದಿನ ಅತ್ತುಬಿಟ್ಟನಂತೆ, ಪ್ರಾರ್ಥನೆ ಮಾಡಿದನಂತೆ.

ಕೊರ್ನೆಲಿ ಹೇಳುತ್ತಿದ್ದಾಗ ಸಭೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ನನಗೂ ಕಣ್ಣು ಒದ್ದೆಯಾಯಿತು. ಯಾಕೆ ಎಂದು ಯಾರೂ ಕೇಳಲಿಲ್ಲ, ಒಳ್ಳೆಯದಾಯಿತು. ಒಬ್ಬ ಮನುಷ್ಯ ದೇವರ ಕಡೆ ತಿರುಗಿದ ಎಂದರೆ ಹೊಟ್ಟೆ ಉರಿಯುವುದು ಎಂಥ ಹೊಟ್ಟೆ? ನನ್ನ ಹೊಟ್ಟೆ.

ಹೊರಗೆ ಬರುವಾಗ ಕೊರ್ನೆಲಿ, “ನೆಲ ಹದ ಮಾಡಿದ್ದು ನೀವು, ಟೀನಾ ಸಹೋದರಿ,” ಎಂದರು. ಸಮಾಧಾನಕ್ಕೆ ಹೇಳಿದ್ದು. ಹದ ಮಾಡಿದವಳ ವಂದನೆಯನ್ನು ಯಾರು ಎದ್ದು ನಿಂತು ಓದುತ್ತಾರೆ?

ಫೆಬ್ರವರಿ 9, ಶುಕ್ರವಾರ

ಅಮ್ಮನಿಗೆ ಕೆಮ್ಮು. ಸಾರು ಕುಡಿಸಲು ಹೋದರೆ ಬಾಯಿ ಬಿಗಿ. ಮೂರಕ್ಕೆ ಕಣ್ಣುಪಟ್ಟಿ ಕಟ್ಟಿದೆ. ಒಳಗೆ ಗಾಟಾ ಏನೋ ಹೇಳಿರಬೇಕು. “ಸರಿ ಸರಿ, ಕುಡೀತೀನಿ,” ಎಂದು ಅಮ್ಮ ಬಾಯಿ ತೆರೆದಳು. ಅವಳು ಹೇಳಿದಳು, ನಾನು ಚಮಚ ಎತ್ತಿದೆ. ಬಟ್ಟಲು ಖಾಲಿಯಾಯಿತು.

ಪಕ್ಕದ ಮನೆಯ ಕುಲ್ಯಾಶ್ ಬಂದಿದ್ದಳು, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬವುರ್ಸಾಕ್ ತಟ್ಟೆ ತುಂಬ ತಂದು. ನೋಡಿ ನಕ್ಕಳು.

“ನಿನ್ನಕ್ಕ ಅಷ್ಟು ದೂರದಿಂದ ಉಣ್ಣಿಸ್ತಾಳಲ್ಲೇ. ಪಾತ್ರೆ ಯಾವಾಗ ತೊಳೀತಾಳಂತೆ?”

ಈ ಊರಿನಲ್ಲಿ ನನ್ನ ಪರ ಇರುವುದು ಒಬ್ಬಳೇ ಮುಸ್ಲಿಂ ಹೆಂಗಸು.

ಫೆಬ್ರವರಿ 13, ಮಂಗಳವಾರ

ಎರಡು ಸಲ ಬರೆದು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೇನೆ.

ಅಮ್ಮನಿಗೆ ಬೆಳಿಗ್ಗೆಯಿಂದ ಜ್ವರ. ಡಾಕ್ಟರ್ ಬಂದು ಸೂಜಿ ಚುಚ್ಚಿ ಹೋದರು. ಮಧ್ಯಾಹ್ನ ಕಣ್ಣು ಹತ್ತಿತು. ಮೂರಕ್ಕೆ ಕಣ್ಣುಪಟ್ಟಿ ಟಣ್ ಎಂದಿತು. ಅಮ್ಮ ಏಳಲಿಲ್ಲ. ಮತ್ತೆ ಟಣ್. ಫೋನ್ ಮಾಡಿ ಇವತ್ತು ಆಗಲ್ಲ ಅಂದರೆ ಮುಗಿಯುತ್ತಿತ್ತು. ಆದರೆ ಅಷ್ಟು ದಿನದಿಂದ ಕೊರೆಯುತ್ತಿತ್ತು — ಅಲ್ಲಿ ಅಂಥದ್ದೇನಿದೆ ಎಂದು. ಕಣ್ಣಿಗೆ ಕಟ್ಟಿಕೊಂಡೆ. ಹಿಡಿಗಳನ್ನು ಹಿಡಿದುಕೊಂಡೆ.

ನಮ್ಮ ಮಂದಿರ. ನೀಲಿ ಬಣ್ಣದ ಕಿಟಕಿ ಚೌಕಟ್ಟು. ಬೂಟಿನ ಮೇಲೆ ಹಾಕುವ ರಬ್ಬರ್ ಗಾಲೋಶ್ ಬಿಡುವ ಜಾಗ. ಗೋಡೆಯ ಬಿರುಕು ಕೂಡ ಬಿಟ್ಟಿಲ್ಲ ಪುಣ್ಯಾತ್ಮ. ನೆಲ ಮಾತ್ರ ನಾನು ತೊಳೆಯುತ್ತಿದ್ದದ್ದಕ್ಕಿಂತ ಚೊಕ್ಕ. ನನ್ನ ಕೈ ನೋಡಿಕೊಂಡರೆ ಅಮ್ಮನ ಕಪ್ಪು ಅಂಗಿಯ ತೋಳು. ಆಗ ಹೊಳೆಯಿತು. ಇದು ಅಮ್ಮನ ಕಣ್ಣುಪಟ್ಟಿ. ಒಳಗೆ ಯಾರು ಹೊಕ್ಕರೂ ಅಮ್ಮನೇ.

ಗಾಟಾ ಎದುರಿಗೆ ಕೂತಿದ್ದಳು. ಮೂವತ್ತರ ಗಾಟಾ, ಗೋಧಿ ಬಣ್ಣದ ಜಡೆ. ದನಿ ಮಾತ್ರ ಅರವತ್ತೆಂಟರದು.

“ಅಮ್ಮ, ಯಾಕೆ ತಡ? ಮಾತಾಡು. ಆಗಲ್ವಾ? ಗಂಟಲು ಇನ್ನೂ ಸರಿ ಹೋಗಿಲ್ವಾ?”

ನಾನು ಮಾತಾಡಿದರೆ ಸಿಕ್ಕಿಬೀಳುತ್ತಿದ್ದೆ. ತಲೆ ಆಡಿಸಿದೆ.

“ಸರಿ, ಮಾತಾಡ್ಬೇಡ. ಒಂದು ಲೆಕ್ಕದಲ್ಲಿ ಒಳ್ಳೇದೇ. ಇವತ್ತಾದ್ರೂ ಟೀನಾ ಎಲ್ಲಿ ಅನ್ನಲ್ಲ ನೀನು.” ನಕ್ಕಳು. ನಗು ಅರ್ಧಕ್ಕೆ ನಿಂತಿತು. “ಬಂದ ದಿನದಿಂದ ಅದೇ. ಟೀನಾ ಯಾಕೆ ಬಂದಿಲ್ಲ, ಟೀನಾಗೆ ಜಾಗ ಹಿಡಿದಿಡು, ಟೀನಾ ಮಾಡಿದ ಬನ್ನು ಹೀಗೆ, ಟೀನಾ ಇಸ್ತ್ರಿ ಮಾಡಿದ್ದು ನೋಡು ತಲೆವಸ್ತ್ರ. ಮೊಮ್ಮಗನ ಕೈಲಿ ಇಷ್ಟೆಲ್ಲ ಕಟ್ಟಿಸಿದ್ದು ಯಾಕೆ ಗೊತ್ತಾ? ನೀನೊಂದಿನ ನನ್ನನ್ನ ನೋಡಿ ನನ್ನ ಮಾತೇ ಆಡ್ತೀಯ ಅಂತ. ಅವಳ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಅಂತ ಅವಳಿಗೆ ಗೊತ್ತಾದ್ರೆ ನಗ್ತಾಳೆ.”

ನಗು ಬರಲಿಲ್ಲ. ಆದರೆ ಸಿಹಿಯಾಯಿತು. ಸುಳ್ಳು ಯಾಕೆ — ಇಡೀ ಮೈಗೆ ಬಿಸಿ ಹಾಲು ಕುಡಿದ ಹಾಗಾಯಿತು. ಇನ್ನೂ ಹೇಳಲಿ, ಇನ್ನೂ ಹೇಳಲಿ ಎಂದು ಕೂತೆ.

ಅವಳು ಹೇಳಲಿಲ್ಲ. ಬೆಂಚಿನಿಂದ ಇಳಿದು ಮೊಣಕಾಲೂರಿದಳು.

“ಇದೊಂದು ಸಲ ಕೇಳ್ತೀನಿ. ಇನ್ನು ಕೇಳಲ್ಲ. ಮನೆಗೆ ಬರೋಕೆ ಆಗಲ್ಲಮ್ಮ ನನಗೆ. ಬರ್ತೀನಿ ಅಂತ ಸುಳ್ಳು ಹೇಳ್ಲಾ?”

ತಲೆ ಬಗ್ಗಿಸಿದಳು. ನನ್ನ ಮೊಣಕಾಲ ಹತ್ತಿರ ಜಡೆ. ಆಗ ಹೊರಗೆ, ನಿಜವಾದ ಕೋಣೆಯಲ್ಲಿ, ಅಮ್ಮ ಕೆಮ್ಮಿದಳು. “ಟೀನಾ,” ಎಂದು ಕರೆದಳು. ಗುಂಡಿ ಎಲ್ಲಿತ್ತೋ ನೆನಪಾಗಲಿಲ್ಲ. ಎರಡೂ ಕೈಯಿಂದ ಕಿತ್ತು ತೆಗೆದುಬಿಟ್ಟೆ.

ಗಾಟಾ ಅಲ್ಲೇ ತಲೆ ಬಗ್ಗಿಸಿ ಇದ್ದಿರಬೇಕು. ಕಾಯುತ್ತ. ಮತ್ತೊಂದು ಸಲ ಮುಚ್ಚಿದ ಬಾಗಿಲ ಮುಂದೆ.

ಅಮ್ಮನಿಗೆ ನೀರು ಕುಡಿಸಿದೆ. ಯಾರು ಬಂದಿದ್ದರು ಎಂದು ಕೇಳಿದಳು. ಯಾರೂ ಇಲ್ಲ ಅಂದೆ.

ಫೆಬ್ರವರಿ 22, ಗುರುವಾರ

ಅಮ್ಮ ಹೋದಳು. ಹದಿನೇಳರ ಬೆಳಿಗ್ಗೆ. ಹದಿಮೂರರ ಆಮೇಲೆ ಕಣ್ಣುಪಟ್ಟಿ ಕಟ್ಟಲು ಆಗಲೇ ಇಲ್ಲ. ಬೂದಿ ಎತ್ತುತ್ತಿದ್ದೆ. “ಟೀನಾ,” ಎಂದಳು. ಹತ್ತಿರ ಹೋದೆ. ಏನೋ ಹೇಳುತ್ತಾಳೆ ಅಂದುಕೊಂಡು ಹಾಸಿಗೆ ಪಕ್ಕ ಮೊಣಕಾಲೂರಿದೆ. ತಲೆಯನ್ನೂ ಸ್ವಲ್ಪ ಮುಂದೆ ತಂದಿದ್ದೆ, ಕೈ ಎಟುಕಲಿ ಎಂದು.

“ಒಲೆ ನೋಡು,” ಎಂದಳು.

ನೋಡಿ ಬಂದೆ. ಅಷ್ಟರಲ್ಲಿ ಇರಲಿಲ್ಲ.

ನೆಲ ಹೆಪ್ಪುಗಟ್ಟಿತ್ತು. ಗುಂಡಿ ತೋಡಲು ಎರಡು ದಿನ ಬೆಂಕಿ ಹಾಕಿ ಮಣ್ಣು ಕರಗಿಸಬೇಕಾಯಿತು. ಕುಲ್ಯಾಶ್ ದೊಡ್ಡ ಕಡಾಯಿಯಲ್ಲಿ ಅಡುಗೆ ಮಾಡಿ ಗುಂಡಿ ತೋಡಿದವರಿಗೆಲ್ಲ ಬಡಿಸಿದಳು. ಗಾಟಾ ಫೋನಿನಲ್ಲಿ ಅತ್ತಳು. ನಾನು ಹೂಂ ಹೂಂ ಅಂದೆ. ಕಣ್ಣುಪಟ್ಟಿ ಗೂಡಿನಲ್ಲಿದೆ. ಚಾರ್ಜ್ ಹಾಕಿಲ್ಲ.

ಮಾರ್ಚ್ 3, ಭಾನುವಾರ

ವಂದನೆಯ ಸಮಯ. ಕೊರ್ನೆಲಿ ಎದ್ದರು, ಫೋನ್ ನೋಡಿಕೊಂಡು ಓದಿದರು. ಗಾಟಾ ಬರೆದದ್ದು.

ಅಮ್ಮ ತೀರಿಕೊಳ್ಳುವುದಕ್ಕೆ ನಾಲ್ಕು ದಿನ ಮೊದಲು ಮಂದಿರಕ್ಕೆ ಬಂದಿದ್ದಳಂತೆ. ಮಾತಾಡಲು ಆಗುತ್ತಿರಲಿಲ್ಲವಂತೆ. ಗಾಟಾ ಮೊಣಕಾಲೂರಿ ಒಂದು ಸಲ ಕಣ್ಣೆತ್ತಿ ನೋಡಿದಳಂತೆ. ಏಳದ ಕೈಗಳು ಎದ್ದವಂತೆ. ಎರಡೂ. ಅವಳ ತಲೆಯ ಮೇಲೆ, ಎತ್ತರಕ್ಕೆ. ಹಾಗೆ ಕೈ ಎತ್ತಿಕೊಂಡೇ ಅಮ್ಮ ಕಣ್ಣಿಗೆ ಕಾಣದೆ ಹೋದಳಂತೆ. “ಮೂವತ್ತು ವರ್ಷ ಕಾದದ್ದು ಸಿಕ್ಕಿತು. ಇನ್ನು ನನಗೆ ಸಾವಿನ ಭಯವೂ ಇಲ್ಲ. ಸಭೆಗೆ ನನ್ನ ವಂದನೆ, ನನ್ನ ತಂಗಿ ಟೀನಾಗೆ ವಿಶೇಷ ವಂದನೆ.”

ಸಭೆ ಅತ್ತಿತು. ಸಮಾಧಾನದಿಂದ ಸ್ವೀಕರಿಸುತ್ತೇವೆ ಎಂದಿತು. ಗೋಶಾ ಕೂಡ ಬಂದಿದ್ದ, ಊರುಗೋಲು ಹಿಡಿದು. ಅವನ ದನಿಯೇ ಎಲ್ಲರಿಗಿಂತ ಜೋರು.

ಕಿತ್ತು ತೆಗೆಯಲು ಎತ್ತಿದ ಕೈ ಅದು. ನನ್ನದು. ಮಾತು ಬಾಯಿಯವರೆಗೆ ಬಂತು. ಎದ್ದು ನಿಂತು ಹೇಳಿಬಿಡಲೇ? ಅಮ್ಮ ಕೊನೆಯವರೆಗೂ ಕೊಡಲಿಲ್ಲ, ಅವಳು ಕೊಡಲಿಲ್ಲ ಎಂದು?

ಹೇಳಲಿಲ್ಲ. ಕರುಣೆಯಿಂದ ಅಲ್ಲ. ನನ್ನ ಕೈಯಿಂದಲೇ ಹೋದ ಆಶೀರ್ವಾದ, ಅದರ ಮೇಲೂ ನನಗೆ ಹೊಟ್ಟೆಕಿಚ್ಚು. ಅವಳಿಗೆ ಎತ್ತಿದ ಎರಡು ಕೈ. ನನಗೆ ಒಲೆ ನೋಡು.

ಮಾರ್ಚ್ 6, ಬುಧವಾರ

ಹೇಳಿಯೇ ಬಿಡುವುದು ಎಂದು ನಿಶ್ಚಯ ಮಾಡಿದೆ. ಫೋನಿನಲ್ಲಿ ಹೇಳುವ ಮಾತಲ್ಲ. ಮುಖ ನೋಡಿ ಹೇಳಬೇಕು, ಗೊಂಬೆಯ ಮುಖವಾದರೂ ಸರಿ. ಕೊರ್ನೆಲಿ ಬಂದು ಕಣ್ಣುಪಟ್ಟಿಯನ್ನು ನನ್ನ ಹೆಸರಿಗೆ ಮಾಡಿಕೊಟ್ಟರು. ಗುಂಡಿ ಮತ್ತೆ ತೋರಿಸಿದರು.

ಗಾಟಾ ಡಯಾಲಿಸಿಸ್‌ಗೆ ಹೊರಡುವ ಮುಂಚೆ ಬಂದಳು. ನನ್ನನ್ನು ನೋಡಿ ನಗತೊಡಗಿದಳು.

“ಅಯ್ಯೋ, ತಲೆವಸ್ತ್ರ. ಯಾವಾಗ ಮದುವೆ ಆದ್ಯೇ ನೀನು? ನಮಗೆ ಊಟವೂ ಹಾಕ್ಲಿಲ್ಲ.”

ತಲೆ ಮುಟ್ಟಿ ನೋಡಿಕೊಳ್ಳಲು ಹೋದೆ. ನಮ್ಮಲ್ಲಿ ಮದುವೆಯಾದವರಿಗೆ ಮಾತ್ರ ತಲೆವಸ್ತ್ರ. ನಾನು ಇಡೀ ಜೀವಮಾನ ಬರಿತಲೆಯಲ್ಲೇ ಕೂತವಳು. ಮೊಮ್ಮಗನಿಗೆ ಅದೇನು ಗೊತ್ತು, ವಯಸ್ಸಾದ ಹೆಂಗಸರಿಗೆಲ್ಲ ಒಂದೊಂದು ಕಟ್ಟಿಬಿಟ್ಟಿದ್ದಾನೆ.

“ತೆಗೆಸ್ಲಾ?”

“ಇರ್ಲಿ ಬಿಡು. ಒಂದಿನ.”

ಒಲೆ ಪಕ್ಕದ ಬೆಂಚು. ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ. ಅಮ್ಮ ಹಿಡಿದಿಡು ಅಂದದ್ದು ಇದೇ ಇರಬೇಕು. ಇಬ್ಬರೂ ಅದನ್ನೇ ನೋಡಿದೆವು. ಅವಳ ಗೊಂಬೆ ಮೂವತ್ತರದೇ. ಆದರೆ ಉಸಿರಿನ ಸದ್ದು ಕೇಳುತ್ತಿತ್ತು, ಏದುಸಿರು.

“ಏನೋ ಹೇಳ್ಬೇಕು ಅಂದ್ಯಲ್ಲ, ಹೇಳು.”

“ಆವತ್ತು ಮಂಗಳವಾರ…” ಎಂದೆ.

“ಹೂಂ. ಆವತ್ತು.” ಅವಳ ದನಿ ಎಷ್ಟು ಮೆತ್ತಗಾಯಿತು ಎಂದರೆ, ಅಂಥ ದನಿ ಅವಳಲ್ಲಿ ಚಿಕ್ಕಂದಿನಲ್ಲೂ ಕೇಳಿರಲಿಲ್ಲ. “ನೀನೇ ತಾನೇ ಅವಳಿಗೆ ಕಟ್ಟಿದ್ದು? ಜ್ವರದಲ್ಲೂ ಎಬ್ಬಿಸಿ ಕಟ್ಟಿದ್ದೀಯ. ನನಗೋಸ್ಕರ. ಅಮ್ಮನಿಗೆ ಒಂದು ಮಾತು ಹೇಳು ಅಂದಿದ್ದೆ. ಹೇಳಿದ್ಯಲ್ಲ.”

ಹೇಳಲು ತಂದ ಮಾತನ್ನು ಅಲ್ಲೇ ಬಿಟ್ಟು ಕೂತೆ.

“ಹೋಗೋ ಮುಂಚೆ ನಿನಗೆ ಹೇಗೆ ಕೈ ಇಟ್ಲು ಟೀನಾ? ತಲೆ ಮೇಲೆ ನಿಜವಾಗ್ಲೂ ತಾಗಿರುತ್ತಲ್ಲ ನಿನಗೆ. ಅದು ಹೇಗಿತ್ತು ಹೇಳು.”

ಉತ್ತರ ಕೊಡುವಷ್ಟರಲ್ಲಿ ಅವಳ ಕಡೆ ಬಾಗಿಲ ಗಂಟೆ. ಆಸ್ಪತ್ರೆಯ ಗಾಡಿ ಬಂದಿರಬೇಕು. “ಬಂದೆ, ಬಂದೆ,” ಎಂದು ಯಾರಿಗೋ ಕೂಗಿದಳು. ಅವಸರದಲ್ಲಿ ಗುಂಡಿಗಿಂಡಿ ಒತ್ತಲಿಲ್ಲ. ಎರಡೂ ಕೈ ಮೇಲೆದ್ದವು. ನನ್ನ ಎದುರಿಗೇ, ನನ್ನ ತಲೆಯಷ್ಟು ಎತ್ತರಕ್ಕೆ.

ಅದು ಯಾವ ಕೈ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಗೊತ್ತಿದ್ದೂ ತಲೆ ಬಗ್ಗಿಸಿದೆ. ಅವಳು ಹೋದ ಮೇಲೂ ಬಗ್ಗಿಸಿಕೊಂಡೇ ಇದ್ದೆ. ಆ ಖಾಲಿ ಮಂದಿರದಲ್ಲಿ ನನ್ನ ಬಾಯಿಂದ ತಾನಾಗಿಯೇ ಹೊರಟಿತು — ಸಮಾಧಾನದಿಂದ…